ಸುಲಭದ ಗಿಡಗಳನ್ನು ನಾನು ಕೊಂದ ಬಗೆ

ಮೊದಲ ಸಲ ಮನೆಯೊಳಗೆ ಗಿಡ ಇಡೋಣ ಅಂತ ಹೊರಟಿದ್ದೀರಾ? ದುಡ್ಡು ಕೊಡುವ ಮೊದಲು ಇದನ್ನೊಮ್ಮೆ ಓದಿ. ನಾನು ಐದು ಗಿಡ ತರಿಸಿದ್ದೆ. ಮೂರು ತಿಂಗಳಲ್ಲಿ ಮೂರು ಸತ್ತವು. ಒಂದನ್ನು ನಾನೇ ಮನೆಯಿಂದ ಆಚೆ ಕಳಿಸಿದೆ. ಐದನೆಯದು ಉಳಿಯಿತು, ಅದೂ ಪರದೆಯ ಹಿಂದೆ ಇಟ್ಟು ಮರೆತುಬಿಟ್ಟಿದ್ದರಿಂದ.

'ಹೊಸಬರಿಗೆ ಸಾಯದ ಗಿಡಗಳು' ಅಂತ ಆನ್‌ಲೈನಿನಲ್ಲಿ ಮಾರುತ್ತಿದ್ದ ಸೆಟ್ ಅದು. ಸ್ನೇಕ್ ಪ್ಲಾಂಟ್, ಮನಿ ಪ್ಲಾಂಟ್, ಜೀಜೀ ಪ್ಲಾಂಟ್, ಡೈಫೆನ್‌ಬಾಕಿಯಾ, ಜೊತೆಗೊಂದು ಪುಟಾಣಿ ಸಕ್ಯುಲೆಂಟ್, ಅಂದರೆ ದಪ್ಪ ಎಲೆಗಳಲ್ಲಿ ನೀರು ಕೂಡಿಟ್ಟುಕೊಳ್ಳುವ ಗಿಡ. ಎಲ್ಲವೂ ಬಿಳಿ ಪಿಂಗಾಣಿ ಕುಂಡದಲ್ಲಿ, ಮಣ್ಣಿನ ಮೇಲೆ ಹೊಳೆಯುವ ಬಿಳಿ ಕಲ್ಲು. ಜೊತೆಗೆ ಬಂದ ಚೀಟಿಯಲ್ಲಿ ಮೂರೇ ಮಾತು: ಕಡಿಮೆ ಬೆಳಕು ಸಾಕು, ವಾರಕ್ಕೆ ಎರಡು ಸಲ ನೀರು ಹಾಕಿ, ಗಾಳಿ ಶುದ್ಧವಾಗುತ್ತದೆ. ಈ ಮೂರನ್ನೂ ನಾನು ಅಕ್ಷರಶಃ ನಂಬಿದೆ.

ಗಾಳಿ ಶುದ್ಧವಾಗುತ್ತದಲ್ವಾ ಅಂತ ನಾಲ್ಕು ಗಿಡಗಳನ್ನು ಮಲಗುವ ಕೋಣೆಯ ಮೂಲೆಗೆ ಇಟ್ಟೆ. ಕಿಟಕಿಯಿಂದ ದೂರ. ಈ ಗಾಳಿಯ ಮಾತು ಹುಟ್ಟಿದ್ದು ನಾಸಾ 1989ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಿಂದ. ಅಲ್ಲಿ ಗಿಡಗಳನ್ನು ಗಾಳಿಯಾಡದ ಪೆಟ್ಟಿಗೆಯಲ್ಲಿಟ್ಟು ನೋಡಿದ್ದರು. ನಮ್ಮ ಮನೆ ಪೆಟ್ಟಿಗೆಯಲ್ಲ. 2019ರಲ್ಲಿ ಇಂಥ ಹಳೆಯ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಲೆಕ್ಕ ಹಾಕಿದವರು, ಮನೆಯಲ್ಲಿ ಸಹಜವಾಗಿ ಗಾಳಿಯಾಡುವುದಕ್ಕೆ ಸಮನಾಗಬೇಕಾದರೆ ಪ್ರತಿ ಚದರ ಮೀಟರಿಗೆ 10ರಿಂದ 1000 ಗಿಡ ಬೇಕು ಎಂದರು. ಕಿಟಕಿ ತೆರೆದರೆ ಆಗುವ ಕೆಲಸಕ್ಕೆ ನಾನು ಗಿಡಗಳನ್ನು ಕತ್ತಲಿಗೆ ದೂಡಿದ್ದೆ.

ಮೊದಲು ಹೋಗಿದ್ದು ಸಕ್ಯುಲೆಂಟ್. ಅದು ಉದ್ದುದ್ದ ಬೆಳೆಯತೊಡಗಿದಾಗ 'ಪರವಾಗಿಲ್ಲವೇ, ಚೆನ್ನಾಗಿ ಬರ್ತಿದೆ' ಅಂತ ಖುಷಿಪಟ್ಟೆ. ಬೆಳಕು ಹುಡುಕಿಕೊಂಡು ಕತ್ತು ಚಾಚುತ್ತಿತ್ತು, ಪಾಪ. ಎಲೆಗಳ ನಡುವೆ ಅಂತರ ಜಾಸ್ತಿಯಾಯಿತು, ಬಣ್ಣ ಬಿಳಿಚಿತು, ಒಂದು ದಿನ ಬುಡದಲ್ಲೇ ಮುರಿದು ಬಿತ್ತು. ಸಕ್ಯುಲೆಂಟಿಗೆ ಜೋರು ಬೆಳಕು ಬೇಕು. ಅದನ್ನು ಕಡಿಮೆ ಬೆಳಕಿನ ಗಿಡಗಳ ಜೊತೆ ಒಂದೇ ಚೀಟಿ ಅಂಟಿಸಿ ಮಾರುವುದೇ ತಪ್ಪು.

ಉಳಿದವುಗಳ ಕಥೆ ನೀರಿನದ್ದು. ವಾರಕ್ಕೆ ಎರಡು ಸಲ, ಮೊಬೈಲಿನಲ್ಲಿ ಅಲಾರಾಂ ಇಟ್ಟು ಹಾಕುತ್ತಿದ್ದೆ. ಮೂರನೇ ವಾರ ಮನಿ ಪ್ಲಾಂಟಿನ ಎಲೆಗಳು ಜೋತುಬಿದ್ದವು, ಕೆಲವು ಹಳದಿಯಾದವು. ಬಾಡಿದ ಗಿಡ ಕಂಡರೆ ಯಾರಿಗಾದರೂ ಏನನ್ನಿಸುತ್ತದೆ? ಬಾಯಾರಿದೆ ಅಂತ. ಇನ್ನೊಂದು ಲೋಟ ಹಾಕಿದೆ. ಮರುದಿನ ಇನ್ನೂ ಬಾಡಿತು. ಮತ್ತೆ ಹಾಕಿದೆ.

ನಾನು ಸಿಕ್ಕಿಬಿದ್ದಿದ್ದು ಇಲ್ಲೇ. ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಮಣ್ಣಿನ ಸಂದುಗಳಲ್ಲೆಲ್ಲ ನೀರೇ ನಿಂತರೆ ಬೇರು ಉಸಿರು ಕಟ್ಟಿ ಕೊಳೆಯುತ್ತದೆ. ಕೊಳೆತ ಬೇರು ನೀರು ಹೀರುವುದಿಲ್ಲ. ಆಗ ಗಿಡ ನೀರಿನಲ್ಲೇ ನಿಂತು ಬಾಯಾರಿ ಬಾಡುತ್ತದೆ. ನೀರು ಕಡಿಮೆಯಾದಾಗಲೂ ಬಾಡುತ್ತದೆ, ಜಾಸ್ತಿಯಾದಾಗಲೂ ಬಾಡುತ್ತದೆ. ಎಲೆ ನೋಡಿದರೆ ಗೊತ್ತಾಗುವುದಿಲ್ಲ, ಮಣ್ಣಿಗೇ ಬೆರಳು ಹಾಕಬೇಕು. ನನ್ನ ಕುಂಡಗಳಲ್ಲಿ ಅದೂ ಆಗುತ್ತಿರಲಿಲ್ಲ, ಯಾಕೆಂದರೆ ಮೇಲಿನ ಕಲ್ಲುಗಳನ್ನು ಅಂಟು ಹಾಕಿ ಗಟ್ಟಿ ಮಾಡಿದ್ದರು!

ಕಲ್ಲು ಕಿತ್ತು ನೋಡಿದರೆ ಒಳಗೆ ಕೆಸರು. ಸ್ನೇಕ್ ಪ್ಲಾಂಟಿನ ಎಲೆ ಹಿಡಿದು ಸ್ವಲ್ಪ ಎಳೆದೆ, ಅಷ್ಟಕ್ಕೇ ಕೈಗೆ ಬಂತು. ಬುಡ ಲೊಳಲೊಳ, ಕೆಟ್ಟ ವಾಸನೆ. ಮಣ್ಣಿನಿಂದ ಸಣ್ಣ ಕಪ್ಪು ನೊಣಗಳು ಎದ್ದವು. ಇವುಗಳ ಮರಿ ಬೆಳೆಯುವುದೇ ಸದಾ ಒದ್ದೆಯಾಗಿರುವ ಮೇಲ್ಮಣ್ಣಿನಲ್ಲಿ. ಕುಂಡ ತಿರುಗಿಸಿದೆ. ತಳದಲ್ಲಿ ಒಂದೇ ಒಂದು ತೂತಿಲ್ಲ. ತಳಕ್ಕೆ ಜಲ್ಲಿ ಹಾಕಿದ್ದರು, ನೀರು ಇಳಿಯಲಿ ಅಂತಂತೆ. ಇಳಿದು ಹೋಗುವುದೆಲ್ಲಿಗೆ? ಅಷ್ಟೇ ಅಲ್ಲ, ನುಣುಪು ಮಣ್ಣು ತಾನು ಪೂರ್ತಿ ನೆನೆಯುವ ತನಕ ಕೆಳಗಿನ ಜಲ್ಲಿಗೆ ನೀರು ಬಿಟ್ಟುಕೊಡುವುದಿಲ್ಲ. ಹಾಗಾಗಿ ಜಲ್ಲಿ ಹಾಕಿದರೆ ಒದ್ದೆ ಪದರ ಬೇರಿಗೆ ಇನ್ನಷ್ಟು ಹತ್ತಿರವಾಗುತ್ತದೆ.

ಮಾರಿದವರಿಗೆ ಫೋಟೋ ಕಳಿಸಿದೆ. 'ನೀವು ನೀರು ಜಾಸ್ತಿ ಹಾಕಿದ್ದೀರಿ' ಅಂದರು. ಅವರದೇ ಚೀಟಿಯ ಫೋಟೋ ಕಳಿಸಿದೆ. ಆಮೇಲೆ ಉತ್ತರವೇ ಇಲ್ಲ.

ಅವರು ಹೇಳದೇ ಬಿಟ್ಟ ಇನ್ನೊಂದು ವಿಷಯ ನಿಜವಾಗಿ ಭಯ ಹುಟ್ಟಿಸಿತು. ಅಕ್ಕ ಮನೆಗೆ ಬಂದಿದ್ದಾಗ ಅವಳ ಒಂದೂವರೆ ವರ್ಷದ ಮಗು ಡೈಫೆನ್‌ಬಾಕಿಯಾದ ಎಲೆ ಕಚ್ಚಿತು. ಕ್ಷಣದಲ್ಲಿ ಕಿರುಚಾಟ, ಜೊಲ್ಲು, ತುಟಿ ಕೆಂಪಗೆ ಊದಿಕೊಂಡಿತು. ಬಾಯಿ ಒರೆಸಿ ಡಾಕ್ಟರ ಹತ್ತಿರ ಓಡಿದೆವು. ಸಂಜೆಗೆ ಕಡಿಮೆಯಾಯಿತು, ನಮ್ಮ ಪುಣ್ಯ. ಈ ಗಿಡದಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿವೆ. ಕೆಸುವಿನ ದಂಟು ತಾಗಿದರೆ ತುರಿಸುವುದೂ ಇದೇ ಹರಳುಗಳಿಂದ, ಎರಡೂ ಒಂದೇ ಕುಟುಂಬ. ಮನಿ ಪ್ಲಾಂಟ್, ಪೀಸ್ ಲಿಲಿ, ಜೀಜೀ ಕೂಡ ಅದೇ ಕುಟುಂಬದವು. ಮನೆಯಲ್ಲಿ ಅಂಬೆಗಾಲಿಡುವ ಮಗುವೋ ಬೆಕ್ಕೋ ನಾಯಿಯೋ ಇದ್ದರೆ ಇವನ್ನು ಕೈಗೆಟುಕದಲ್ಲಿ ಇಡಿ, ಅಥವಾ ತರಲೇಬೇಡಿ. ಅಂಥ ಮನೆಗೆ ಸ್ಪೈಡರ್ ಪ್ಲಾಂಟ್ ವಾಸಿ. ಅದು ವಿಷವಲ್ಲ, ಬೆಳೆಸಲೂ ಕಷ್ಟವಿಲ್ಲ.

ಡೈಫೆನ್‌ಬಾಕಿಯಾವನ್ನು ಮಕ್ಕಳಿಲ್ಲದ ಗೆಳತಿಯೊಬ್ಬಳಿಗೆ ಕೊಟ್ಟೆ. ಎಲೆಯ ಕಂಕುಳಲ್ಲಿ ಹತ್ತಿಯಂತೆ ಬೆಳ್ಳಗಿದ್ದ ಹಿಟ್ಟು ತಿಗಣೆ ಆಗ ಕಣ್ಣಿಗೆ ಬಿದ್ದಿರಲಿಲ್ಲ. ಅವಳ ಬೇರೆ ಗಿಡಗಳಿಗೂ ಹಬ್ಬಿತು, ಅವಳು ಈಗಲೂ ನೆನಪಿಸುತ್ತಾಳೆ. ಹೊಸ ಗಿಡ ಬಂದರೆ ಎರಡು ಮೂರು ವಾರ ಬೇರೆ ಕಡೆ ಇಟ್ಟು, ಎಲೆಯ ಅಡಿಭಾಗ ನೋಡುತ್ತಿರಿ.

ಜೀಜೀ ಯಾಕೆ ಬದುಕಿತು ಅಂತ ಅದನ್ನು ಕುಂಡದಿಂದ ತೆಗೆದಾಗ ತಿಳಿಯಿತು. ಬುಡದಲ್ಲಿ ಆಲೂಗಡ್ಡೆಯಂಥ ಗೆಡ್ಡೆಗಳು, ತುಂಬ ನೀರು. ಐದು ವಾರ ನಾನು ತಿರುಗಿ ನೋಡದಿದ್ದರೂ ಅದರ ಹತ್ತಿರ ಉಗ್ರಾಣವಿತ್ತು. 'ಸುಲಭದ ಗಿಡ' ಅನ್ನುವುದಕ್ಕೆ ನನಗೀಗ ಇರುವ ಅರ್ಥ ಇಷ್ಟೇ: ಅಲಕ್ಷ್ಯ ತಡೆದುಕೊಳ್ಳುತ್ತದೆ. ಅತಿ ಆರೈಕೆ ತಡೆದುಕೊಳ್ಳುತ್ತದೆ ಅಂತಲ್ಲ. ಕಡಿಮೆ ಬೆಳಕು ಸಾಕು ಅನ್ನುವುದೂ ಹಾಗೇ. ಬೇಗ ಸಾಯುವುದಿಲ್ಲ ಅಂತ ಅರ್ಥ, ಚೆನ್ನಾಗಿ ಬೆಳೆಯುತ್ತದೆ ಅಂತಲ್ಲ. ಬೆಳಕು ಕಡಿಮೆಯಾದಷ್ಟೂ ಗಿಡ ಕುಡಿಯುವುದೂ ಕಡಿಮೆ, ಆದ್ದರಿಂದ ವಾರದ ಲೆಕ್ಕ ಯಾವ ಮನೆಗೂ ಹೊಂದುವುದಿಲ್ಲ.

ಈಗ ಗಿಡ ಇಡುವ ಜಾಗದಲ್ಲಿ ಹಗಲು ಹೊತ್ತು ಕೈ ಚಾಚಿ ನೆರಳು ನೋಡುತ್ತೇನೆ. ನೆರಳೇ ಬೀಳದಿದ್ದರೆ ಅಲ್ಲಿ ಗಿಡ ಬೇಡ. ನೀರು ಹಾಕುವ ಮೊದಲು ಬೆರಳಿನ ಎರಡು ಗೆಣ್ಣಿನಷ್ಟು ಆಳ ಮುಟ್ಟಿ ನೋಡುತ್ತೇನೆ. ಜೀಜೀಗಾದರೆ ಮಣ್ಣು ಪೂರ್ತಿ ಒಣಗುವ ತನಕ ಕಾಯುತ್ತೇನೆ. ಮನಿ ಪ್ಲಾಂಟ್ ಸತ್ತರೂ ಗೆಣ್ಣಿರುವ ಎರಡು ತುಂಡು ಕತ್ತರಿಸಿ ನೀರಿನ ಬಾಟಲಿಯಲ್ಲಿ ಇಟ್ಟಿದ್ದೆ. ಬೇರು ಬಿಟ್ಟ ಮೇಲೆ ತೂತಿರುವ ಅಗ್ಗದ ಪ್ಲಾಸ್ಟಿಕ್ ಕುಂಡದಲ್ಲಿ ನೆಟ್ಟೆ. ಆ ಬಿಳಿ ಪಿಂಗಾಣಿ ಕುಂಡಗಳು ಮೇಜಿನ ಮೇಲಿವೆ, ಪೆನ್ನು ಇಡಲು.