ಚಳಿ ಬಿಡದ ಏಪ್ರಿಲ್‌ನಲ್ಲಿ ಏರು ಮಡಿ: ಮರ, ತಗಡು, ಹುಲ್ಲು, ಮತ್ತು ಮೇಲಿನ ಹೊದಿಕೆ

ಅಮೆರಿಕದ ಉತ್ತರದ ರಾಜ್ಯ ಮಿನ್ನೆಸೋಟದಲ್ಲಿ ಸೊಪ್ಪು ಬೆಳೆಯಲು ಸಿಗುವ ಸಮಯ ತೀರಾ ಕಡಿಮೆ. ಏಪ್ರಿಲ್ ಅರ್ಧ ಕಳೆದರೂ ಹಿಮ ಬೀಳುತ್ತದೆ. 2018ರ ಏಪ್ರಿಲ್ ಮಧ್ಯದಲ್ಲಿ ಮಿನಿಯಾಪೊಲಿಸ್ ಸುತ್ತಮುತ್ತ ಒಂದೇ ವಾರಾಂತ್ಯಕ್ಕೆ ಸುಮಾರು 15 ಇಂಚು ಹಿಮ ಸುರಿದಿತ್ತು. ಮೇ ಮಧ್ಯದವರೆಗೂ ರಾತ್ರಿ ಫ್ರಾಸ್ಟ್ (ಗಿಡದ ಮೇಲೆ ಹೆಪ್ಪುಗಟ್ಟುವ ಇಬ್ಬನಿ) ಭಯ ಇದ್ದೇ ಇರುತ್ತದೆ. ಜೂನ್ ಬಂತು ಅಂದರೆ ಹಗಲು 15 ಗಂಟೆಗೂ ಜಾಸ್ತಿ. ಹಗಲು ಅಷ್ಟು ಉದ್ದವಾದರೆ ಪಾಲಕ್, ಕೊತ್ತಂಬರಿ ಎರಡೂ ಎಲೆ ಬಿಡುವುದನ್ನು ನಿಲ್ಲಿಸಿ ಹೂದಂಟು ಎತ್ತುತ್ತವೆ. ಅಂದರೆ ಮೇ ತಿಂಗಳಲ್ಲೇ ಸೊಪ್ಪು ಕೊಯ್ಯಬೇಕು. ಅದಕ್ಕೆ ಏಪ್ರಿಲ್‌ನಲ್ಲೇ ಬೀಜ ಮೊಳೆಯಬೇಕು. ನಾನು ಏರು ಮಡಿ, ಅಂದರೆ ನೆಲದ ಮೇಲೆ ಚೌಕಟ್ಟು ಕಟ್ಟಿ ಮಣ್ಣು ತುಂಬಿಸಿದ ಎತ್ತರದ ಪಾತಿ, ಕಟ್ಟಿದ್ದು ಈ ಕಾರಣಕ್ಕೆ.

ಇಲ್ಲಿನ ನೆಲ ಎಷ್ಟು ಆಳದವರೆಗೆ ಹೆಪ್ಪುಗಟ್ಟುತ್ತದೆ ಗೊತ್ತಾ? ಮಿನಿಯಾಪೊಲಿಸ್ ಭಾಗದಲ್ಲಿ ಮನೆಯ ತಳಪಾಯವನ್ನು 42 ಇಂಚು ಆಳಕ್ಕೆ ಇಳಿಸಬೇಕು ಅಂತ ನಿಯಮವಿದೆ. ರಾಜ್ಯದ ಉತ್ತರ ಭಾಗದಲ್ಲಿ 60 ಇಂಚು. ಅಷ್ಟು ಆಳದ ತಣ್ಣನೆ ನೆಲ ಬಿಸಿಲಿಗೆ ಬೆಚ್ಚಗಾಗಲು ವಾರಗಟ್ಟಲೆ ಬೇಕು. ಸಾಲದ್ದಕ್ಕೆ ನಮ್ಮ ಹಿತ್ತಲಿನದ್ದು ಜೇಡಿ ಮಣ್ಣು. ಹಿಮ ಕರಗಿದ ನೀರನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತದೆ. ನೀರು ಬಿಸಿಯಾಗುವುದು ನಿಧಾನ, ಆದ್ದರಿಂದ ಒದ್ದೆ ಮಣ್ಣು ಬಿಸಿಯಾಗುವುದೂ ನಿಧಾನ. ಏರು ಮಡಿಯಲ್ಲಿ ಆ ನೀರು ಕೆಳಗೆ ಬಸಿದು ಹೋಗುತ್ತದೆ. ಅದರ ದೊಡ್ಡ ಲಾಭ ಅದೇ.

ಹಾಗಾದರೆ ಮಡಿಯನ್ನು ಯಾವುದರಿಂದ ಕಟ್ಟಬೇಕು? ಮರದ ಹಲಗೆ, ಸೂರಿಗೆ ಹಾಕುವ ಅಲೆ ಅಲೆ ತಗಡು, ಗೋಧಿ ಹುಲ್ಲಿನ ಬೇಲ್ (ಒತ್ತಿ ಬಿಗಿದ ಹುಲ್ಲಿನ ಪೆಂಡಿ), ಮೂರನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದೆ. ಎಲ್ಲವೂ ಮನೆಯ ದಕ್ಷಿಣಕ್ಕೆ, ಒಂದೇ ಸಾಲಿನಲ್ಲಿ. ಅಗಲ 4 ಅಡಿ, ಉದ್ದ 8 ಅಡಿ. ಅಗಲ 4 ಅಡಿ ದಾಟಿದರೆ ಎರಡೂ ಕಡೆಯಿಂದ ಕೈ ಚಾಚಿದರೂ ನಡುವಿನ ಕಳೆ ಸಿಗುವುದಿಲ್ಲ, ಮಡಿಯೊಳಗೆ ಕಾಲಿಡಬೇಕಾಗುತ್ತದೆ, ಮಣ್ಣು ಗಟ್ಟಿಯಾಗುತ್ತದೆ. ತಗಡನ್ನೂ ಹಲಗೆಯಷ್ಟೇ ಎತ್ತರಕ್ಕೆ ಕತ್ತರಿಸಿದೆ, ಹೋಲಿಕೆ ನ್ಯಾಯವಾಗಿರಲಿ ಅಂತ. ಎರಡಕ್ಕೂ ಒಂದೇ ಲಾರಿಯಲ್ಲಿ ಬಂದ ಮಣ್ಣು ಮತ್ತು ಕಾಂಪೋಸ್ಟ್ ತುಂಬಿಸಿದೆ. ಬೀಜವೂ ಮೂರಕ್ಕೂ ಒಂದೇ: ಒಂದೇ ಪೊಟ್ಟಣದ ಪಾಲಕ್ ಮತ್ತು ಮೂಲಂಗಿ, ಅಡುಗೆಮನೆ ಡಬ್ಬದ ಮೆಂತ್ಯ, ಅಂಗೈಯಲ್ಲಿ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿದ ಧನಿಯಾ.

ಮೊದಲು ಮರ. ಪೈನ್ ಹಲಗೆ ಅಗ್ಗ, ಎಲ್ಲ ಕಡೆ ಸಿಗುತ್ತದೆ. ಆದರೆ ಸದಾ ಒದ್ದೆ ಮಣ್ಣು ತಾಕಿಕೊಂಡಿದ್ದರೆ ನಾಲ್ಕೈದು ವರ್ಷಕ್ಕೆ ಕೊಳೆಯುತ್ತದೆ. ಸೀಡರ್ ಅದಕ್ಕಿಂತ ತುಂಬಾ ಹೆಚ್ಚು ಬಾಳುತ್ತದೆ, ಬೆಲೆಯೂ ಅಷ್ಟೇ ಹೆಚ್ಚು. ಅಂಗಡಿಯಲ್ಲಿ ‘2 ಬೈ 10’ ಅಂತ ಮಾರುವ ಹಲಗೆಯನ್ನು ಅಳೆದರೆ ದಪ್ಪ ಒಂದೂವರೆ ಇಂಚು, ಅಗಲ ಒಂಬತ್ತೂಕಾಲು ಇಂಚು ಮಾತ್ರ. ಹಾಗಾಗಿ ಒಂದು ಹಲಗೆ ಎತ್ತರದ ಮಡಿಗೆ ಒಂದು ಘನ ಗಜ, ಅಂದರೆ 27 ಘನ ಅಡಿ ಮಣ್ಣು ತರಿಸಿದರೆ ಸರಿಹೋಗುತ್ತದೆ. ಸ್ವಲ್ಪ ಮಿಕ್ಕಿದ್ದು ಮಣ್ಣು ಕುಸಿದಾಗ ಬೇಕಾಗುತ್ತದೆ. ಚೀಲದಲ್ಲಿ ಬರುವ ಮಣ್ಣಿನಿಂದ ಇಷ್ಟು ತುಂಬಿಸಲು ಹೋದರೆ ಮರಕ್ಕಿಂತ ಮಣ್ಣೇ ದುಬಾರಿ.

ಬಿಟ್ಟಿ ಸಿಗುವ ಮರದ ಬಗ್ಗೆ ಒಂದು ಮಾತು ಹೇಳಲೇಬೇಕು. ಮನೆ ಹಿಂದಿನ ಹಳೆ ಡೆಕ್ (ಮರದ ಜಗಲಿ) ಕಿತ್ತು ಯಾರಾದರೂ ಹಲಗೆ ಕೊಡುತ್ತೇನೆ ಅಂದರೆ ಬೇಡ ಅನ್ನಿ. ಅಮೆರಿಕದಲ್ಲಿ 2003ರ ಕೊನೆಯವರೆಗೆ ಮನೆ ಬಳಕೆಯ ಹಲಗೆಗೂ, ಅದು ಕೊಳೆಯದಿರಲಿ ಅಂತ, ಆರ್ಸೆನಿಕ್ ವಿಷ ಸೇರಿದ ಔಷಧಿ ಹಾಕುತ್ತಿದ್ದರು. ಈಗಿನದಕ್ಕೆ ತಾಮ್ರದ ಔಷಧಿ, ಆರ್ಸೆನಿಕ್ ಇಲ್ಲ. ರೈಲ್ವೆ ಹಳಿಯ ಸ್ಲೀಪರ್‌ಗಳಿಗೆ ಕ್ರಿಯೊಸೋಟ್ ಅನ್ನುವ ಡಾಂಬರಿನಂಥ ಎಣ್ಣೆ ಬಳಿದಿರುತ್ತಾರೆ, ಅದೂ ತರಕಾರಿ ಪಕ್ಕ ಬೇಡ. ಸಾಮಾನು ಸಾಗಿಸುವ ಪ್ಯಾಲೆಟ್‌ಗಳ ಮೇಲೆ ಮುದ್ರೆ ಹುಡುಕಿ. ‘ಎಚ್‌ಟಿ’ ಅಂತ ಇದ್ದರೆ ಬಿಸಿ ಮಾಡಿ ಹುಳು ಸಾಯಿಸಿದ ಮರ, ಬಳಸಬಹುದು. ‘ಎಂಬಿ’ ಅಂತ ಇದ್ದರೆ ಮೀಥೈಲ್ ಬ್ರೋಮೈಡ್ ಅನ್ನುವ ವಿಷದ ಅನಿಲ ಹಾಯಿಸಿದ್ದು. ಮುಟ್ಟಬೇಡಿ. ನಾವು ತಿನ್ನುವ ಸೊಪ್ಪು ಅಲ್ವಾ, ಇದರಲ್ಲಿ ರಾಜಿ ಸಲ್ಲದು.

ತಗಡಿನ ಮಡಿ ಮಣ್ಣನ್ನು ಬೇಗ ಬಿಸಿ ಮಾಡುತ್ತದೆ ಅಂತ ತುಂಬಾ ಜನ ಹೇಳುತ್ತಾರೆ. ಅದು ಅರ್ಧ ನಿಜ. ಬಿಸಿಲಿರುವ ಮಧ್ಯಾಹ್ನ ತಗಡಿಗೆ ಒತ್ತಿಕೊಂಡ ದಕ್ಷಿಣದ ಅಂಚಿನ ಮಣ್ಣು ಮರದ ಮಡಿಯ ಅಂಚಿಗಿಂತ ಎರಡು ಮೂರು ಡಿಗ್ರಿ ಬೆಚ್ಚಗಿರುತ್ತಿತ್ತು. (ಡಿಗ್ರಿ ಎಲ್ಲವೂ ಸೆಲ್ಸಿಯಸ್‌ನಲ್ಲಿ.) ಆದರೆ ಬೆಳಿಗ್ಗೆ ಎದ್ದು ನೋಡಿದರೆ ಅದೇ ಅಂಚು ಮರದ ಮಡಿಗಿಂತ ತಣ್ಣಗಿರುತ್ತಿತ್ತು. ತಗಡು ಹಗಲಿನ ಬಿಸಿಯನ್ನು ಎಷ್ಟು ಬೇಗ ಒಳಗೆ ಬಿಡುತ್ತದೋ, ರಾತ್ರಿ ಅಷ್ಟೇ ಬೇಗ ಹೊರಗೂ ಬಿಡುತ್ತದೆ. ಮಡಿಯ ನಡುಭಾಗದಲ್ಲಂತೂ ಎರಡಕ್ಕೂ ವ್ಯತ್ಯಾಸವೇ ಕಾಣಲಿಲ್ಲ. ಪಾಲಕ್ ಎರಡರಲ್ಲೂ ಹೆಚ್ಚು ಕಡಿಮೆ ಒಟ್ಟಿಗೇ ಮೊಳೆಯಿತು. ತಗಡಿನ ಲಾಭ ಬೇರೆ ಕಡೆ ಇದೆ. ಕೊಳೆಯುವುದಿಲ್ಲ, ಮತ್ತೆ ಮತ್ತೆ ಬದಲಿಸುವ ಗೋಜಿಲ್ಲ. ಕೆಲಸ ಮಾತ್ರ ಮರಕ್ಕಿಂತ ಜಾಸ್ತಿ. ಕತ್ತರಿಸಿದ ಅಂಚು ಬ್ಲೇಡಿನಷ್ಟು ಹರಿತ. ಹಳೆ ನೀರಿನ ಪೈಪನ್ನು ಉದ್ದಕ್ಕೆ ಸೀಳಿ ಅಂಚಿಗೆ ಸಿಕ್ಕಿಸಿದೆ. 8 ಅಡಿ ಉದ್ದದ ಬದಿ ಮಣ್ಣಿನ ಭಾರಕ್ಕೆ ಉಬ್ಬುತ್ತದೆ, ನಡುವೆ ಅಡ್ಡಕ್ಕೆ ಒಂದು ತಂತಿ ಬಿಗಿಯಬೇಕು.

ಹುಲ್ಲಿನ ಬೇಲ್ ಚಳಿಯ ವಸಂತಕ್ಕೆ ಹೇಳಿ ಮಾಡಿಸಿದ್ದಲ್ಲ. ಬೇಲ್‌ಗೆ ಸಾರಜನಕದ ಗೊಬ್ಬರ ಹಾಕಿ, ಹತ್ತು ಹನ್ನೆರಡು ದಿನ ನೀರು ಕುಡಿಸಿದರೆ ಒಳಗೆ ಕೊಳೆಯಲು ಶುರುವಾಗಿ ತಾನೇ ಬಿಸಿಯಾಗುತ್ತದೆ ಅನ್ನುವುದು ಅದರ ಆಕರ್ಷಣೆ. ಆದರೆ ಹಾಗೆ ಕೊಳೆಸುವ ಸೂಕ್ಷ್ಮಜೀವಿಗಳಿಗೂ ಸ್ವಲ್ಪ ಬೆಚ್ಚಗಿನ ಹವೆ ಬೇಕು. ರಾತ್ರಿಯೆಲ್ಲ ಸೊನ್ನೆಗಿಂತ ಕೆಳಗಿದ್ದರೆ ಒದ್ದೆ ಬೇಲ್ ಹೊರಗಿನಿಂದ ಹೆಪ್ಪುಗಟ್ಟುತ್ತದೆ. ನನ್ನ ಬೇಲ್‌ಗಳು ಬಿಸಿಯೇರಿದ್ದು ಮೇ ತಿಂಗಳಲ್ಲಿ. ಅಷ್ಟರಲ್ಲಿ ಪಕ್ಕದ ಮಡಿಯ ಮೂಲಂಗಿ ಪಲ್ಯಕ್ಕೆ ಬಂದಿತ್ತು. ಸಣ್ಣ ಬೀಜ ಬಿತ್ತಲು ಹುಲ್ಲಿನ ಮೇಲೆ ಮಣ್ಣಿನ ಪದರ ಬೇರೆ ಹಾಕಬೇಕು. ಟೊಮೇಟೊ ಸಸಿಗೆ ಮಾತ್ರ ಬೇಲ್ ಚೆನ್ನಾಗಿ ಒದಗಿತು. ಸಸಿ ನೆಡುವ ಹೊತ್ತಿಗೆ ಒಳಗೆ ಬೆಚ್ಚಗಿತ್ತು, ಬೇರು ಬೇಗ ಇಳಿಯಿತು.

ಬೇಲ್ ಕೊಳ್ಳುವಾಗ, ಗೊಬ್ಬರ ಕೊಳ್ಳುವಾಗ ಇನ್ನೊಂದು ವಿಷಯ ಕೇಳಿ. ಹುಲ್ಲುಗಾವಲಿಗೆ ಹೊಡೆಯುವ ಅಮಿನೊಪೈರಾಲಿಡ್‌ನಂಥ ಕಳೆನಾಶಕ ಒಣಹುಲ್ಲಿನಲ್ಲೂ ಉಳಿಯುತ್ತದೆ, ಆ ಹುಲ್ಲು ತಿಂದ ದನದ ಸಗಣಿಯಲ್ಲೂ ಉಳಿಯುತ್ತದೆ. ಟೊಮೇಟೊ, ಬೀನ್ಸ್, ಬಟಾಣಿ ಇದಕ್ಕೆ ತಕ್ಷಣ ನಲುಗುತ್ತವೆ. ಅನುಮಾನ ಇದ್ದರೆ ಒಂದು ಕುಂಡದಲ್ಲಿ ಆ ಗೊಬ್ಬರ ಹಾಕಿ ಬೀನ್ಸ್ ಬೀಜ ಊರಿ, ಕಿಟಕಿ ಹತ್ತಿರ ಇಡಿ. ಹೊಸ ಎಲೆ ಸುರುಳಿ ಸುತ್ತಿಕೊಂಡು, ಸೊಟ್ಟಗೆ ಬಂದರೆ ಅದನ್ನು ಮಡಿಗೆ ಹಾಕಬೇಡಿ.

ಇಷ್ಟೆಲ್ಲ ನೋಡಿದ ಮೇಲೆ ನನಗೆ ಖಚಿತವಾದದ್ದು ಒಂದೇ: ಪೆಟ್ಟಿಗೆ ಯಾವುದರದ್ದು ಅನ್ನುವುದಕ್ಕಿಂತ ಅದರ ಮೇಲೆ ಏನು ಹೊದಿಸುತ್ತೀರಿ ಅನ್ನುವುದು ಹತ್ತು ಪಾಲು ಮುಖ್ಯ. ಸೀಡರ್‌ಗೆ ಕೊಡುವ ಹಣದಲ್ಲಿ ಪೈನ್ ಹಲಗೆ ತಂದು, ಉಳಿದದ್ದರಲ್ಲಿ ಒಳ್ಳೆ ಹೊದಿಕೆ ಮತ್ತು ಮಣ್ಣಿಗೆ ಚುಚ್ಚುವ ಒಂದು ಥರ್ಮಾಮೀಟರ್ ಕೊಳ್ಳಿ.

ಹೊದಿಕೆಯಲ್ಲೂ ಮೂರನ್ನು ನೋಡಿದೆ. ಬಾಗಿಸಿದ ಪೈಪಿನ ಮೇಲೆ ಪ್ಲಾಸ್ಟಿಕ್ ಹಾಳೆ, ಅದೇ ಪೈಪಿನ ಮೇಲೆ ‘ರೋ ಕವರ್’ ಅಂತ ಸಿಗುವ ತೆಳು ಬಿಳಿ ಬಟ್ಟೆ, ಮತ್ತು ಹಳೆ ಗಾಜಿನ ಕಿಟಕಿ.

ಪ್ಲಾಸ್ಟಿಕ್ ನೋಡಲು ಗೆದ್ದ ಹಾಗೆ ಕಾಣುತ್ತದೆ. ಹೊರಗೆ 8 ಡಿಗ್ರಿ ಇರುವ ಬಿಸಿಲಿನ ದಿನ ಒಳಗೆ 35 ದಾಟುತ್ತದೆ. ಮುಚ್ಚಿಯೇ ಬಿಟ್ಟರೆ ಒಳಗಿನ ಸಸಿ ಇಡ್ಲಿ ಪಾತ್ರೆಯಲ್ಲಿಟ್ಟ ಹಾಗೆ ಬೇಯುತ್ತದೆ. ಬೆಳಿಗ್ಗೆ ಹತ್ತಕ್ಕೆ ಬದಿ ಎತ್ತಿ, ಸಂಜೆ ನಾಲ್ಕಕ್ಕೆ ಇಳಿಸಲು ಮನೆಯಲ್ಲಿ ಒಬ್ಬರು ಇರಲೇಬೇಕು. ರಾತ್ರಿಯ ಕಥೆ ಬೇರೆಯೇ. ಮಾಮೂಲಿ ಪಾಲಿಥೀನ್ ಹಾಳೆ ನೆಲದ ಬಿಸಿಯನ್ನು ತಡೆದು ಹಿಡಿಯುವುದಿಲ್ಲ, ಅದು ಹಾಳೆ ದಾಟಿ ಆಕಾಶಕ್ಕೆ ಹೋಗುತ್ತದೆ. ಮೋಡವಿಲ್ಲದ ರಾತ್ರಿ ಬೆಳಗಿನ ಜಾವಕ್ಕೆ ಒಳಗೂ ಹೊರಗೂ ಹೆಚ್ಚು ವ್ಯತ್ಯಾಸ ಇರುವುದಿಲ್ಲ. ಹಾಳೆಗೆ ತಾಕಿದ ಎಲೆ ಕಪ್ಪಾಗುತ್ತದೆ.

ಬಟ್ಟೆ ಹಗಲಿನಲ್ಲಿ ಅಷ್ಟು ಬಿಸಿ ಕೊಡುವುದಿಲ್ಲ. ಆದರೆ ಗಾಳಿ ಆಡುತ್ತದೆ, ಮಳೆನೀರು ಇಳಿಯುತ್ತದೆ, ಯಾರೂ ತೆರೆದು ಮುಚ್ಚುವುದು ಬೇಕಿಲ್ಲ. ಚದರ ಮೀಟರ್‌ಗೆ 17 ಗ್ರಾಂ ತೂಗುವ ತೆಳು ಬಟ್ಟೆ ಸುಮಾರು 2 ಡಿಗ್ರಿ ಫ್ರಾಸ್ಟ್ ತಡೆಯುತ್ತದೆ. 30 ಗ್ರಾಂನದ್ದು ಇನ್ನೂ ಸ್ವಲ್ಪ ಜಾಸ್ತಿ, ಆದರೆ ಬೆಳಕು ನೂರಕ್ಕೆ 70 ಪಾಲಿನಷ್ಟೇ ಒಳಗೆ ಬರುತ್ತದೆ. ನಾನು ಸದಾ ತೆಳುವಾದದ್ದನ್ನು ಹೊದಿಸಿರುತ್ತೇನೆ. ರಾತ್ರಿ ಸೊನ್ನೆಗಿಂತ ಮೂರು ನಾಲ್ಕು ಡಿಗ್ರಿ ಇಳಿಯುತ್ತದೆ ಅಂತ ಮುನ್ಸೂಚನೆ ಇದ್ದರೆ ಅದರ ಮೇಲೆ ಇನ್ನೊಂದು ಪದರ. ಅಂಚಿಗೆ ಮಾತ್ರ ಇಟ್ಟಿಗೆ, ಮಣ್ಣಿನ ಚೀಲ ಏನಾದರೂ ಹೇರಿ. ಇಲ್ಲಿನ ಏಪ್ರಿಲ್ ಗಾಳಿಗೆ ಬಟ್ಟೆ ಪಕ್ಕದ ಮನೆ ಬೇಲಿಗೆ ಹೋಗಿ ಕೂರುತ್ತದೆ. ಕೆಲಸಕ್ಕೆ ಹೋಗುವವರಿಗೆ ನಾನು ಹೇಳುವುದು ಬಟ್ಟೆಯನ್ನೇ.

ಹಳೆ ಕಿಟಕಿ ಪುಟ್ಟ ಮಡಿಗೆ ಒಳ್ಳೆಯದು. ಆದರೆ ಭಾರ, ಗಾಜು ಒಡೆದರೆ ಮಡಿಯ ಮಣ್ಣೇ ಹಾಳು. 1978ಕ್ಕಿಂತ ಹಿಂದಿನ ಮನೆಯ ಕಿಟಕಿಯಾದರೆ ಬಣ್ಣದಲ್ಲಿ ಸೀಸ ಇರಬಹುದು. ಮನೆಗಳಿಗೆ ಸೀಸದ ಬಣ್ಣವನ್ನು ಅಮೆರಿಕ ನಿಷೇಧಿಸಿದ್ದು ಆ ವರ್ಷ.

ಪ್ಲಾಸ್ಟಿಕ್ ಹಾಳೆಯನ್ನು ಬಿಸಾಡಬೇಡಿ, ಅದಕ್ಕೊಂದು ಒಳ್ಳೆ ಕೆಲಸ ಇದೆ. ಹಿಮ ಕರಗಿದ ಕೂಡಲೇ, ಬಿತ್ತುವುದಕ್ಕೆ ಎರಡು ವಾರ ಮುಂಚೆ, ಪಾರದರ್ಶಕ ಹಾಳೆಯನ್ನು ಮಣ್ಣಿಗೆ ಒತ್ತಿ ಹಾಸಿ. ಕಪ್ಪು ಹಾಳೆಗಿಂತ ಇದೇ ಮಣ್ಣನ್ನು ಹೆಚ್ಚು ಬಿಸಿ ಮಾಡುತ್ತದೆ. ಕಳೆಯೂ ಮೊಳೆಯುತ್ತದೆ ನಿಜ, ಬಿತ್ತುವ ಮುಂಚೆ ಕೆರೆದು ತೆಗೆದರೆ ಆಯಿತು. ಹೋದ ವರ್ಷ ಹೊದಿಸಿದ ಒಣಹುಲ್ಲು, ಎಲೆ ಇದ್ದರೆ ಅದನ್ನು ಮೊದಲು ಸರಿಸಿ, ಅದು ಬಿಸಿಲನ್ನು ತಡೆದು ಮಣ್ಣನ್ನು ತಣ್ಣಗೇ ಇಡುತ್ತದೆ.

ಈ ಎರಡು ಮೂರು ಡಿಗ್ರಿಗೆ ಯಾಕೆ ಇಷ್ಟು ಒದ್ದಾಟ ಅಂತ ಅನ್ನಿಸಬಹುದು. ಪಾಲಕ್ ಬೀಜ 5 ಡಿಗ್ರಿ ಮಣ್ಣಿನಲ್ಲಿ ಮೊಳೆಯಲು ಮೂರು ವಾರ ದಾಟುತ್ತದೆ. 10 ಡಿಗ್ರಿಯಲ್ಲಿ ಸುಮಾರು 12 ದಿನ. 15 ಡಿಗ್ರಿಯಲ್ಲಿ ಒಂದೇ ವಾರ. ಮೂಲಂಗಿಗೆ 5 ಡಿಗ್ರಿಯಲ್ಲಿ ಹತ್ತಿರ ಹತ್ತಿರ ಒಂದು ತಿಂಗಳು, 10 ಡಿಗ್ರಿಯಲ್ಲಿ 11 ದಿನ. ಆರು ವಾರದ ಸೊಪ್ಪಿನ ಕಾಲದಲ್ಲಿ ಎರಡು ವಾರ ಉಳಿಯಿತು ಅಂದರೆ ಒಂದು ಕೊಯ್ಲು ಹೆಚ್ಚು ಸಿಕ್ಕಿತು ಅಂತಲೇ ಲೆಕ್ಕ. ಥರ್ಮಾಮೀಟರನ್ನು ಬೆಳಿಗ್ಗೆ ಎಂಟರ ಹೊತ್ತಿಗೆ ಎರಡು ಇಂಚು ಆಳಕ್ಕೆ ಚುಚ್ಚಿ ನೋಡಿ, ಮಧ್ಯಾಹ್ನದ ಅಂಕಿ ಸುಮ್ನೆ ಆಸೆ ಹುಟ್ಟಿಸುತ್ತದೆ. ಯಾವ ಗಿಡ ಎಲ್ಲಿಯ ಚಳಿ ತಾಳುತ್ತದೆ ಅಂತ ತಿಳಿಯಲು ಮಾಡಿದ ನಕ್ಷೆಯಲ್ಲಿ ನಿಮ್ಮ ಊರಿಗೆ ಕೊಟ್ಟಿರುವ ‘ಝೋನ್’ ನಂಬರ್ ನೋಡಿ ಬಿತ್ತಬೇಡಿ. ಅದು ಚಳಿಗಾಲದ ಅತಿ ತಣ್ಣನೆ ರಾತ್ರಿಯ ಲೆಕ್ಕ, ವಸಂತದ ಕೊನೆ ಫ್ರಾಸ್ಟ್‌ಗೂ ಅದಕ್ಕೂ ಸಂಬಂಧ ಇಲ್ಲ.

ಮರದ ಮಡಿ, ತೆಳು ಬಟ್ಟೆ, ಮೊದಲೇ ಬಿಸಿ ಮಾಡಿದ ಮಣ್ಣು: ಈ ಮೂರು ಸೇರಿದ ಕಡೆ ಪಾಲಕ್, ಮೂಲಂಗಿ, ಮೆಂತ್ಯ ಮೂರೂ ಸೊಗಸಾಗಿ ಬಂದವು. ಕೊತ್ತಂಬರಿ ನಿಧಾನ, ಆದರೆ ಚಳಿಯಲ್ಲಿ ಬೆಳೆದದ್ದಕ್ಕೆ ಇರುವ ಘಮ ಬೇಸಿಗೆಯದ್ದಕ್ಕೆ ಇಲ್ಲ. ದಂಟಿನ ಸೊಪ್ಪು ಮಾತ್ರ ಯಾವ ಹೊದಿಕೆಗೂ ಜಗ್ಗುವುದಿಲ್ಲ, ಜೂನ್‌ಗೆ ಮೊದಲು ಬಿತ್ತಲು ಹೋಗಬೇಡಿ. ಬದನೆ, ಮೆಣಸಿನಕಾಯಿ, ಬೆಂಡೆಗೆ ಬೆಳಗಿನ ಮಣ್ಣು 18 ಡಿಗ್ರಿ ತೋರಿಸುವವರೆಗೂ ಕಾಯಿರಿ. ಟೊಮೇಟೊಗೆ 15 ಸಾಕು. ಮೇ ಕೊನೆಯ ಸೋಮವಾರ ಬರುವ ಮೆಮೋರಿಯಲ್ ಡೇ ಆದ ಮೇಲೆ ನೆಡುವುದು ಇಲ್ಲಿನವರ ರೂಢಿ. ಬಟ್ಟೆಯ ಕೆಳಗಾದರೆ ಒಂದು ವಾರ ಮುಂಚೆ ಧೈರ್ಯ ಮಾಡಬಹುದು.

ಸೌತೆ, ಕುಂಬಳ ಬಳ್ಳಿಗೂ ಶುರುವಿನಲ್ಲಿ ಅದೇ ಬಟ್ಟೆ ಹೊದಿಸಿ, ಎಳೆ ಎಲೆ ತಿನ್ನುವ ದುಂಬಿಯೂ ಹತ್ತಿರ ಬರುವುದಿಲ್ಲ. ಹೆಣ್ಣು ಹೂ ಕಂಡ ದಿನ ಮಾತ್ರ ಬಟ್ಟೆ ತೆಗೆದುಬಿಡಿ. ಜೇನುಹುಳು ಒಳಗೆ ಹೋಗದಿದ್ದರೆ ಕಾಯಿ ಕಟ್ಟುವುದಿಲ್ಲ.