ಹತ್ತಿಂಚಿನ ಅಗ್ಗದ ಟ್ಯಾಬ್: ಗಂಜ್‌ನಲ್ಲಿ ಎರಡು ಸುಗ್ಗಿ ಬಳಸಿದ ಮೇಲೆ

ಟ್ಯಾಬ್ ತಂದ ಮೊದಲ ವಾರ ಕಾಕಾ ರಸೀದಿ ಪುಸ್ತಕದ ಅಂಚನ್ನು ಪರದೆಯ ಮೇಲೆ ಅಡ್ಡ ಇಟ್ಟುಕೊಂಡು ಬಾಕಿ ಓದುತ್ತಿದ್ದರು. ಎಡತುದಿಗೆ ರೈತರ ಹೆಸರು, ಬಲತುದಿಗೆ ರೂಪಾಯಿ, ನಡುವೆ ಒಂದು ಚೋಟು ಬರೀ ಬಿಳಿ. ಯಾವ ಹೆಸರಿಗೆ ಯಾವ ಮೊತ್ತ ಅನ್ನುವುದು ಕಣ್ಣಿಗೆ ಹಿಡಿಯುತ್ತಿರಲಿಲ್ಲ. ಸಾಲು ತಪ್ಪಬಾರದೆಂದು ಪುಸ್ತಕವನ್ನು ಒಂದೊಂದೇ ಗೆರೆ ಕೆಳಗೆ ಸರಿಸುತ್ತಿದ್ದರು. "ಯವ್ವಾ, ಹೆಸರು ಆ ಗ್ವಾಡಿಗಿ, ರೊಕ್ಕ ಈ ಗ್ವಾಡಿಗಿ ಆದ್ರ ಹ್ಯಾಂಗ ಓದ್ಬೇಕು?" ಅಂದರು. ಆ ಆಪ್ ಬರೆದವಳು ನಾನು. ಫೋನಿನಲ್ಲಿ ಅದೇ ಪುಟ ಚೆನ್ನಾಗಿಯೇ ಕಾಣುತ್ತಿತ್ತು.

ನಾನು ಕಲಬುರಗಿಯ ಬ್ರಹ್ಮಪುರದಲ್ಲಿ ಮನೆಯಿಂದಲೇ ಕೆಲಸ ಮಾಡುತ್ತೇನೆ. ರೈತರ ಮಾಲನ್ನು ಕಮಿಷನ್ ಮೇಲೆ ಮಾರಿಕೊಡುವ ಅಡತಿ ಅಂಗಡಿಗಳಿಗೆ ಕಿರ್ದಿ (ದಿನದ ಜಮಾಖರ್ಚು), ಖತಾವಣಿ (ಒಬ್ಬೊಬ್ಬರ ಲೆಕ್ಕ), ಪಟ್ಟಿ (ರೈತರಿಗೆ ಕೊಡುವ ಮಾರಾಟದ ಲೆಕ್ಕಚೀಟಿ) ಮಾಡಿಕೊಡುವ ಒಂದೇ ಒಂದು ಆಪ್ ನನ್ನದು. ಇಲ್ಲಿನ ದವಸದ ಮಾರುಕಟ್ಟೆಯಾದ ನೆಹರು ಗಂಜ್‌ನಲ್ಲಿರುವ ಕಾಕಾನ ಅಂಗಡಿಯೇ ಮೊದಲ ಗಿರಾಕಿ. 2023ರ ದೀಪಾವಳಿಗೆ ಸೂಪರ್ ಮಾರ್ಕೆಟ್ ಪೇಟೆಯಲ್ಲಿ 13,500 ರೂಪಾಯಿ ಕೊಟ್ಟು ಈ ಟ್ಯಾಬ್ ತಂದೆ. ಮನೆ ಒಂದೇ ಆದ್ದರಿಂದ ಹಂಚಿಕೆಯೂ ಸುಲಭವಾಯಿತು: ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ಅದು ನನ್ನದು, ಆಮೇಲೆ ಕಾಕಾನ ಚೀಲದಲ್ಲಿ ಗಂಜ್‌ಗೆ ಹೋಗಿ ರಾತ್ರಿ ತೊಗರಿ ಧೂಳು ಹೊತ್ತುಕೊಂಡು ಬರುತ್ತದೆ. ಕಂಪನಿಯ ಹೆಸರು ಬರೆಯುವುದಿಲ್ಲ. ಪ್ರೊಸೆಸರ್, ಕ್ಯಾಮೆರಾ, ಸ್ಪೀಕರ್ ವಿವರ ಡಬ್ಬಿಯ ಮೇಲೇ ಸಿಗುತ್ತದೆ.

ಒಂದು ಲೆಕ್ಕ ಮಾತ್ರ ಇಲ್ಲಿ ಬೇಕೇ ಬೇಕು. ಪರದೆ 1920 ಗುಣಿಸು 1200 ಪಿಕ್ಸೆಲ್, ಡೆನ್ಸಿಟಿ (ಇಂಚಿಗೆ ಇಷ್ಟು ಪಿಕ್ಸೆಲ್ ಅಂತ ಸಿಸ್ಟಮ್ ಹಿಡಿಯುವ ಲೆಕ್ಕ) 240. ಆಂಡ್ರಾಯ್ಡ್ ಆಪ್ ಬರೆಯುವವರು ಪಿಕ್ಸೆಲ್ ಲೆಕ್ಕ ಹಿಡಿಯುವುದಿಲ್ಲ, ಡಿಪಿ ಲೆಕ್ಕ ಹಿಡಿಯುತ್ತೇವೆ; ಪರದೆ ಯಾವುದಾದರೂ ಹೆಚ್ಚುಕಡಿಮೆ ಅಷ್ಟೇ ದೊಡ್ಡದಾಗಿ ಕಾಣುವ ಅಳತೆ ಅದು. 160 ಡೆನ್ಸಿಟಿಯಲ್ಲಿ ಒಂದು ಪಿಕ್ಸೆಲ್ ಅಂದರೆ ಒಂದು ಡಿಪಿ, 240ರಲ್ಲಿ ಒಂದೂವರೆ ಪಿಕ್ಸೆಲ್ ಕೂಡಿದರೆ ಒಂದು ಡಿಪಿ. ಹೀಗಾಗಿ ಈ ಟ್ಯಾಬ್ ಅಡ್ಡ ಹಿಡಿದರೆ 1280 ಡಿಪಿ ಅಗಲ, ಉದ್ದಕ್ಕೆ ಹಿಡಿದರೆ 800. ನನ್ನ ಫೋನ್ 411. ಗೂಗಲ್ ಹಾಕಿಕೊಟ್ಟ ಅಗಲದ ಗೆರೆಗಳಲ್ಲಿ ನನಗೆ ಬೇಕಾದವು ಎರಡು, 600 ಮತ್ತು 840. 600ರ ಒಳಗೆ ಇಕ್ಕಟ್ಟು, 840 ದಾಟಿದರೆ ವಿಶಾಲ, ನಡುವಿನದು ನಡುವಿನದು. ಅಂದರೆ ಇದೇ ಟ್ಯಾಬ್ ಅಡ್ಡ ಇದ್ದಾಗ ವಿಶಾಲ, ತಿರುಗಿಸಿದರೆ ನಡುವಿನದು. 411 ಡಿಪಿಗೆಂದು ಹೊಲಿದ ಅಂಗಿಯನ್ನು ನಾನು 1280ಕ್ಕೆ ಎಳೆದು ತೊಡಿಸಿದ್ದೆ, ಅದಕ್ಕೇ ನಡುವೆ ಆ ಚೋಟುದ್ದ ಬಯಲು. 840 ದಾಟಿದರೆ ಎಡಕ್ಕೆ ಹೆಸರುಗಳ ಸಾಲು, ಬಲಕ್ಕೆ ಮುಟ್ಟಿದವರ ಖತಾವಣಿ ಬರುವಂತೆ ಪುಟವನ್ನು ಎರಡು ಭಾಗ ಮಾಡಿದೆ. ಹೆಸರಿನ ಪಕ್ಕಕ್ಕೇ ಬಾಕಿ ಬಂತು. ರಸೀದಿ ಪುಸ್ತಕ ಗಲ್ಲೆಯ ಪಕ್ಕಕ್ಕೆ ವಾಪಸ್ ಹೋಯಿತು.

ಈ ಟ್ಯಾಬ್ ಕೊಟ್ಟ ನಿಜವಾದ ಸುಖ ಸೆಟ್ಟಿಂಗ್ಸ್‌ನಲ್ಲಿ ಅಡಗಿತ್ತು. ಬಿಲ್ಡ್ ನಂಬರ್ ಮೇಲೆ ಏಳು ಸಲ ಬಡಿದರೆ ಡೆವಲಪರ್ ಆಪ್ಷನ್ಸ್ ತೆರೆಯುತ್ತದೆ, ಅದರ ಒಳಗೆ ಸ್ಮಾಲೆಸ್ಟ್ ವಿಡ್ತ್ ಅಂತ ಒಂದು ಸಾಲು, ಅಂದರೆ ಪರದೆಯ ಸಣ್ಣ ಬದಿ ಎಷ್ಟು ಡಿಪಿ ಅನ್ನುವುದು. ಅಲ್ಲಿ 800 ಅಂತ ಇರುತ್ತದೆ. ಅದನ್ನು ಅಳಿಸಿ 411 ಬರೆದರೆ ಇಡೀ ಟ್ಯಾಬ್ ದೊಡ್ಡ ಫೋನಿನಂತೆ ನಡೆದುಕೊಳ್ಳುತ್ತದೆ, 600 ಬರೆದರೆ ಸಣ್ಣ ಟ್ಯಾಬ್ ಆಗುತ್ತದೆ. ಹೊಸದಾಗಿ ಮಾಡುವವರು ಮೊದಲಿದ್ದ ಅಂಕಿಯನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ನನಗೆ ಬೆಳಗಿನ ಚಹಾದ ಜೊತೆ ಇದೇ ಕೆಲಸ. ಅಪ್ಪನ ಹಳೆ ಧೋತರದ ತುಂಡಿನಿಂದ ಪರದೆಯ ಧೂಳು ಒರೆಸಿ, ಖತಾವಣಿ ಪುಟ ತೆಗೆದು, 800ರಲ್ಲಿ ಉದ್ದಕ್ಕೆ, ಅಡ್ಡಕ್ಕೆ, ಅರ್ಧ ಪರದೆಯಲ್ಲಿ ನೋಡುತ್ತೇನೆ. ಆಮೇಲೆ 600, ಆಮೇಲೆ 411. ಚಹಾ ಆರುವುದರೊಳಗೆ ಒಂದು ಸುತ್ತು ಮುಗಿಯುತ್ತದೆ. ಹಿಂದಿನ ದಿನ ಬರೆದ ಸಾಲು ಎಲ್ಲಿ ಒಡೆದಿದೆ ಅನ್ನುವುದು ಅಲ್ಲೇ ಗೊತ್ತಾಗುತ್ತದೆ.

ಈ ಆಟ ಎಷ್ಟು ಉಪಯೋಗಕ್ಕೆ ಬಂತು ಅನ್ನುವುದಕ್ಕೆ ಒಂದು ಉದಾಹರಣೆ. ಕಾಕಾನ ಪಕ್ಕದ ಅಂಗಡಿಯವರ ಬಳಿ ಎಂಟಿಂಚಿನ ಟ್ಯಾಬ್ ಇದೆ, 1280 ಗುಣಿಸು 800 ಪಿಕ್ಸೆಲ್, ಡೆನ್ಸಿಟಿ 213. ಲೆಕ್ಕ ಹಾಕಿದರೆ ಅದರ ಸಣ್ಣ ಬದಿ ಹತ್ತಿರ ಹತ್ತಿರ 601 ಡಿಪಿ. 600ರ ಗೆರೆಯನ್ನು ಒಂದೇ ಒಂದು ಡಿಪಿಯಿಂದ ದಾಟಿ ನಿಂತಿದೆ. ಅವರು ಕಣ್ಣಿಗೆ ಸಣ್ಣದಾಗುತ್ತದೆಂದು ಡಿಸ್‌ಪ್ಲೇ ಸೈಜ್ ಒಂದು ಹೆಜ್ಜೆ ಹೆಚ್ಚಿಸಿಕೊಂಡರು. ಅಕ್ಷರ, ಬಟನ್ ಎಲ್ಲ ದೊಡ್ಡದಾದವು, ಡಿಪಿ ಲೆಕ್ಕದಲ್ಲಿ ಪರದೆ ಸಣ್ಣದಾಯಿತು, 600ರ ಕೆಳಗೆ ಬಿತ್ತು. ಟ್ಯಾಬಿಗೆಂದು ಬೇರೆ ಕಡತದಲ್ಲಿ ಇಟ್ಟಿದ್ದ ನನ್ನ ವಿನ್ಯಾಸವೇ ಮಾಯವಾಗಿ ಫೋನಿನ ಪುಟ ಬಂದು ಕೂತಿತು. "ನಿನ್ನೆ ಇದ್ದದ್ದು ಇವತ್ತಿಲ್ಲ" ಅಂತ ಫೋನ್ ಬಂದಾಗ ನನಗೆ ತಲೆಬುಡ ತಿಳಿಯಲಿಲ್ಲ. ಮರುದಿನ ನನ್ನ ಟ್ಯಾಬಿನಲ್ಲಿ 590 ಬರೆದು ನೋಡಿದೆ, ಕಣ್ಣೆದುರಿಗೇ ಬಂತು. ಪರದೆ ಎಷ್ಟು ಇಂಚು ಅನ್ನುವುದನ್ನು ಅಂಗಡಿಯವನು ಹೇಳುತ್ತಾನೆ, ಎಷ್ಟು ಡಿಪಿ ಅನ್ನುವುದನ್ನು ಬಳಸುವವರ ಕಣ್ಣು ಹೇಳುತ್ತದೆ.

ಅರ್ಧ ಪರದೆಯದ್ದೂ ಇದೇ ಜಾತಿ. ಕಾಕಾ ಅಡ್ಡ ಪರದೆಯನ್ನು ಸೀಳಿ ಒಂದು ಬದಿ ವಾಟ್ಸಾಪ್‌ನಲ್ಲಿ ಧಾರಣೆ, ಇನ್ನೊಂದು ಬದಿ ಖತಾವಣಿ ಇಟ್ಟುಕೊಳ್ಳುತ್ತಾರೆ. 1280 ಎರಡಾಗಿ ನಮ್ಮ ಪಾಲಿಗೆ 630ರ ಆಸುಪಾಸು ಉಳಿಯುತ್ತದೆ. ನನ್ನ ಆಪ್ ಶುರುವಾಗುವಾಗ ಒಮ್ಮೆ "ಇದು ಟ್ಯಾಬಾ?" ಅಂತ ಕೇಳಿ, ಸಿಕ್ಕ ಉತ್ತರವನ್ನು ಕೊನೆತನಕ ನಂಬಿಕೊಂಡಿರುತ್ತಿತ್ತು. ಎರಡು ಭಾಗಗಳನ್ನೂ ಆ 630ಕ್ಕೇ ತುರುಕಿತು. ಈಗ ಅದು ಟ್ಯಾಬೋ ಫೋನೋ ಅಂತ ಕೇಳುವುದೇ ಇಲ್ಲ, ಈ ಗಳಿಗೆಯಲ್ಲಿ ನನ್ನ ಕಿಟಕಿ ಎಷ್ಟು ಅಗಲ ಅಂತ ಮಾತ್ರ ಕೇಳುತ್ತದೆ.

2024ರ ಜನವರಿಯಲ್ಲಿ, ಗಂಜ್ ತುಂಬಿ ತುಳುಕುವ ಹೊತ್ತಿನಲ್ಲಿ, ಆದ ಒಂದು ಸಂಗತಿ ನನ್ನನ್ನು ಇಂದಿಗೂ ಕಾಡುತ್ತದೆ. ಕಾಕಾ ತಕ್ಕಡಿ ಪಕ್ಕ ನಿಂತು ಚೀಲಚೀಲದ ತೂಕ ಒತ್ತುತ್ತಾ ಬಂದಿದ್ದಾರೆ. ಎದುರಿಗೆ ನಿಂತ ರೈತ "ತೋರಸ್ರಿ" ಅಂದಾಗ ಟ್ಯಾಬನ್ನು ಅವರ ಕಡೆ ತಿರುವಿದ್ದಾರೆ. ಫೋನನ್ನು ಯಾರೂ ಹಾಗೆ ತಿರುವುವುದಿಲ್ಲ, ಹತ್ತಿರ ಹಿಡಿದು ತೋರಿಸುತ್ತಾರೆ. ಟ್ಯಾಬ್ ಮಾತ್ರ ತಟ್ಟೆಯ ಹಾಗೆ ತಿರುಗುತ್ತದೆ. "ಹನ್ನೊಂದು ಚೀಲದ್ದು ತೂಕ ಹೊಡ್ದಿದ್ದೆ, ತಿರುವಿದ್ದೇ ತಡ ಎಲ್ಲಾ ಹೋಯ್ತು ನೋಡು" ಅಂತ ರಾತ್ರಿ ಊಟಕ್ಕೆ ಕೂತಾಗ ಹೇಳಿದರು. ಬೈಯಲಿಲ್ಲ. ಹಮಾಲರು ಹನ್ನೊಂದು ಚೀಲವನ್ನೂ ಮತ್ತೆ ತಕ್ಕಡಿಗೆ ಎತ್ತಿಟ್ಟಿದ್ದರು ಅನ್ನುವುದು ಕೇಳಿ ನನಗೆ ರೊಟ್ಟಿ ಇಳಿಯಲಿಲ್ಲ. ಪರದೆ ತಿರುಗಿದಾಗ ಆಂಡ್ರಾಯ್ಡ್ ಆ ಪುಟವನ್ನು ಕೆಡವಿ ಹೊಸದಾಗಿ ಕಟ್ಟುತ್ತದೆ. ತೂಕದ ಸಾಲುಗಳನ್ನು ನಾನು ಆ ಪುಟದ ಒಳಗೇ ಇಟ್ಟಿದ್ದೆ, ಪುಟದ ಜೊತೆ ಅವೂ ಹೋದವು. ಪುಟದ ಹೊರಗೆ ಮಾಹಿತಿ ಹಿಡಿದಿಡುವ ವ್ಯೂಮಾಡೆಲ್‌ಗೆ ಸಾಗಿಸಿದರೆ ತಿರುಗಿಸುವಿಕೆಯಿಂದ ಉಳಿಯುತ್ತವೆ, ಆದರೆ ಇಂಥ ಕಡಿಮೆ ಮೆಮೊರಿಯ ಟ್ಯಾಬಿನಲ್ಲಿ ನಡುವೆ ವಾಟ್ಸಾಪ್ ತೆರೆದರೆ ಹಿಂದಿರುವ ಆಪನ್ನೇ ಸಿಸ್ಟಮ್ ಮುಚ್ಚಿಬಿಡಬಹುದು. ಅದಕ್ಕೇ ಈಗ ಒಂದೊಂದು ತೂಕವೂ ಒತ್ತಿದ ಕ್ಷಣವೇ ಡೇಟಾಬೇಸ್‌ಗೆ ಬೀಳುತ್ತದೆ.

ಮುಂದಿನದು ಅದೇ ಸುಗ್ಗಿಯ ಕೊನೆಯಲ್ಲಿ. ಕಾಕಾ ಫಾಂಟ್ ದೊಡ್ಡದು ಮಾಡಿಕೊಂಡಿದ್ದರು. ಒಬ್ಬ ರೈತರು ಪರದೆಯನ್ನು ಬಗ್ಗಿ ನೋಡಿ, "ಇದು ನಂದಲ್ರಿ ಸಾವ್ಕಾರ್ರ. ನಾ ಮಲ್ಲಪ್ಪ ಇದ್ದೀನಿ, ಇಲ್ಲಿ ಯಾರೋ ಮಲಪ ಅಂತ ಅದ" ಅಂದರಂತೆ. ರಾತ್ರಿ ಟ್ಯಾಬ್ ಕೈಗೆ ಬಂದ ಮೇಲೆ ಕಣ್ಣಿಗೆ ಹತ್ತಿರ ಹಿಡಿದು ನೋಡಿದೆ. ಸಾಲಿನ ಎತ್ತರವನ್ನು ನಾನು 48 ಡಿಪಿಗೆ ಕಟ್ಟಿಹಾಕಿದ್ದೆ. ಎರಡು ಸಾಲಿನ ಬರಹ ದೊಡ್ಡದಾದಾಗ ಕೆಳಗೆ ಜಾಗ ಸಾಲದೆ ಲ ಒತ್ತು, ಪ ಒತ್ತು ಎರಡೂ ಕತ್ತರಿಸಿ ಹೋಗಿದ್ದವು. ಉಳಿದದ್ದು ಕೂದಲೆಳೆಯಷ್ಟು ಗೆರೆ. ಇಂಗ್ಲಿಷ್ ಅಕ್ಷರಕ್ಕೆ ಆ ಜಾಗ ಸಾಕಾಗುತ್ತಿತ್ತು. ಒತ್ತಕ್ಷರ ನೆಲದ ಕೆಳಗೆ ಇನ್ನೊಂದು ನೆಲಮಾಳಿಗೆ ಕೇಳುತ್ತದೆ. ನಮ್ಮ ಕಡೆಯ ಹೆಸರುಗಳಲ್ಲಂತೂ ಒತ್ತಿಲ್ಲದ ಹೆಸರೇ ಕಡಿಮೆ: ಸಿದ್ದಪ್ಪ, ಮಲ್ಲಮ್ಮ, ಅಣ್ಣಪ್ಪ. ವರ್ಷವಿಡೀ ಬೆಳೆದದ್ದನ್ನು ತಂದು ಸುರಿದ ಮನುಷ್ಯನಿಗೆ ಅವನ ಹೆಸರನ್ನೇ ಅರ್ಧ ಕೊಯ್ದು ಕೊಟ್ಟಿದ್ದೆ.

ಕಟ್ಟಿದ ಎತ್ತರ ತೆಗೆದು, ಕನಿಷ್ಠ ಎತ್ತರ ಇಷ್ಟು, ಬೇಕಾದರೆ ಬೆಳೆ ಅಂತ ಬಿಟ್ಟೆ. ಅಕ್ಷರದ ಮೇಲೆ ಕೆಳಗೆ ತಾನಾಗಿ ಬಿಡುವ ಜಾಗವನ್ನು, ಅಂದರೆ ಫಾಂಟ್ ಪ್ಯಾಡಿಂಗನ್ನು, ಬಂದ್ ಮಾಡಲು ನಾನು ಹಾಕಿದ್ದ ಸಾಲನ್ನೂ ಕಿತ್ತೆ. ಇನ್ನೊಂದು ವಿಷಯ ಆಗ ತಿಳಿಯಿತು: ಕನ್ನಡದಂಥ ಎತ್ತರದ ಲಿಪಿಗಳಿಗೆ ಆಂಡ್ರಾಯ್ಡ್ ಮೊದಲಿನಿಂದ ಒಂದು ಕುಗ್ಗಿಸಿದ ಫಾಂಟ್ ಬಳಸುತ್ತಿತ್ತು, ಪುಟದ ವಿನ್ಯಾಸ ಕೆಡಬಾರದೆಂದು. ಎಲಿಗಂಟ್ ಟೆಕ್ಸ್ಟ್ ಹೈಟ್ ಅನ್ನುವ ಗುಣವನ್ನು ಚಾಲೂ ಮಾಡಿದರೆ ಪೂರ್ಣ ಎತ್ತರದ ಅಕ್ಷರ ಬರುತ್ತದೆ. ಆಂಡ್ರಾಯ್ಡ್ 15ರಿಂದ, ಅದನ್ನು ಗುರಿಯಾಗಿಟ್ಟು ಕಟ್ಟಿದ ಆಪ್‌ಗಳಿಗೆ, ಅದು ತಾನಾಗಿಯೇ ಚಾಲೂ ಇರುತ್ತದೆ.

ಇಲ್ಲಿಂದ ನನ್ನ ಮಾತು ಬಿಗಿಯಾಗುತ್ತದೆ. ಈ ಟ್ಯಾಬಿಗೆ 15 ಬರಲಿಲ್ಲ, 14 ಕೂಡ ಬರಲಿಲ್ಲ. 12ರ ಜೊತೆ ಬಂತು, 13ಕ್ಕೆ ಒಮ್ಮೆ ಏರಿತು, ಅಲ್ಲಿಗೇ ನಿಂತುಹೋಯಿತು. ಭದ್ರತಾ ಅಪ್‌ಡೇಟ್ ಬಂದೇ ವರ್ಷದ ಮೇಲಾಯಿತು. ಸೇವಾ ಕೇಂದ್ರದಲ್ಲಿ ಕೇಳಿದರೆ "ಬರ್ತದ ಮೇಡಂ" ಅನ್ನುವುದು ಬಿಟ್ಟು ಬೇರೆ ಉತ್ತರವಿಲ್ಲ. ಸಿನಿಮಾ ನೋಡುವವರಿಗೆ ಇದರಿಂದ ಅಷ್ಟೇನೂ ಆಗದಿರಬಹುದು, ಆಪ್ ಬರೆಯುವವಳಿಗೆ ಇದು ದೊಡ್ಡ ನಷ್ಟ. ಆಂಡ್ರಾಯ್ಡ್ 14ರಿಂದ ಅಕ್ಷರವನ್ನು 200 ಪ್ರತಿಶತದವರೆಗೆ ಹಿಗ್ಗಿಸಬಹುದು, ಈ ಟ್ಯಾಬ್ ಅದಕ್ಕಿಂತ ಬಹಳ ಮೊದಲೇ ನಿಲ್ಲುತ್ತದೆ. ಅಂದರೆ ಮಲ್ಲಪ್ಪನವರ ಹೆಸರಿಗೆ ಮುಂದೆ ಬರುವ ಅತಿದೊಡ್ಡ ಪರೀಕ್ಷೆಯನ್ನೇ ನಾನು ಕೈಯಲ್ಲಿ ಹಿಡಿದು ನೋಡಲಾರೆ. ಆಂಡ್ರಾಯ್ಡ್ 16ರ ನಿಯಮ ಇನ್ನೂ ಮುಂದೆ ಹೋಗಿದೆ: ಆಪ್ ಆ ಆವೃತ್ತಿಯನ್ನು ಗುರಿಯಾಗಿಸಿದ್ದರೆ, 600 ಡಿಪಿ ಅಥವಾ ಅದಕ್ಕಿಂತ ದೊಡ್ಡ ಪರದೆಯಲ್ಲಿ "ನಾನು ಉದ್ದಕ್ಕೆ ಮಾತ್ರ ನಿಲ್ಲುತ್ತೇನೆ" ಅನ್ನುವ ಹಟ ನಡೆಯುವುದಿಲ್ಲ. ಆಟದ ಆಪ್‌ಗಳಿಗೆ ವಿನಾಯಿತಿ ಇದೆ, ಉಳಿದವರಿಗೆ 16ರಲ್ಲಿ ಹೊರಗುಳಿಯುವ ದಾರಿ ಇದ್ದರೂ 17ನ್ನು ಗುರಿಯಾಗಿಸಿದ ಆಪ್‌ಗಳಿಗೆ ಅದೂ ಇಲ್ಲ. ನನ್ನ ಪಟ್ಟಿ ಪುಟವನ್ನು ಉದ್ದಕ್ಕೇ ಬೀಗ ಹಾಕಿ ಇಟ್ಟಿದ್ದೆ. ಅದನ್ನು ಬಿಚ್ಚಿ ನೋಡುವ ಕೆಲಸವೆಲ್ಲ ಈಗ ಲ್ಯಾಪ್‌ಟಾಪಿನ ಎಮ್ಯುಲೇಟರ್‌ನಲ್ಲಿ, ಅಂದರೆ ಟ್ಯಾಬಿನಂತೆ ನಟಿಸುವ ತಂತ್ರಾಂಶದಲ್ಲಿ. ಎಂಟು ಜಿಬಿಯ ನನ್ನ ಲ್ಯಾಪ್‌ಟಾಪ್ ಅದನ್ನು ತೆರೆದರೆ ಬೇರೇನೂ ಮಾಡಲಾರದು. ಅದೂ ಅಲ್ಲದೆ, ಎಮ್ಯುಲೇಟರನ್ನು ಯಾರೂ ಧೂಳು ಹಿಡಿದ ಹೆಬ್ಬೆರಳಿನಿಂದ ಒತ್ತುವುದಿಲ್ಲ, ಎದುರಿನವರ ಕಡೆ ತಿರುವುವುದೂ ಇಲ್ಲ.

ಸಣ್ಣಪುಟ್ಟ ದೂರು ಬೇಗ ಹೇಳಿ ಮುಗಿಸುತ್ತೇನೆ. ಏಪ್ರಿಲ್ ಮೇ ಬಿಸಿಲಿನಲ್ಲಿ ಮಧ್ಯಾಹ್ನ ಎರಡರ ಹೊತ್ತಿಗೆ ಪರದೆ ತಾನೇ ಮಂಕಾಗುತ್ತದೆ, ತಗಡಿನ ಸೂರಿನಡಿ ಇಟ್ಟರೆ ಚಾರ್ಜ್ ಏರುವುದಿಲ್ಲ. ಚಾರ್ಜಿಂಗ್ ಪಿನ್ ಎರಡನೇ ವರ್ಷಕ್ಕೆ ಸಡಿಲಾಯಿತು, ಈಗ ವೈಫೈ ಮೇಲೆಯೇ ಆಪ್ ಕಳಿಸಿ ಪರೀಕ್ಷೆ ಮಾಡುತ್ತೇನೆ. ಗಾಜು ಮಾತ್ರ ಗಟ್ಟಿ, ಎರಡು ಸಲ ಬಿದ್ದರೂ ಗೀರಿಲ್ಲ.

ಮನೆಯಲ್ಲಿ ಮಕ್ಕಳ ಪಾಠಕ್ಕೆ, ವಿಡಿಯೊಗೆ ಬೇಕಾದವರು ಈ ಬೆಲೆಗೆ ಧಾರಾಳವಾಗಿ ಕೊಳ್ಳಿ. ಆಪ್ ಬರೆಯುವವರಾದರೆ ಬೆಲೆಗಿಂತ ಮೊದಲು ಎಷ್ಟು ಆವೃತ್ತಿಯ ಅಪ್‌ಡೇಟ್ ಕೊಡುತ್ತಾರೆ ಅಂತ ಬರಹದಲ್ಲಿ ಇದೆಯಾ ನೋಡಿ. ಇಲ್ಲದಿದ್ದರೆ ಇನ್ನೂ ಆರೇಳು ಸಾವಿರ ಕೂಡಿಸಿಕೊಂಡು ಬನ್ನಿ. ನಾನು ಹಾಗೆಯೇ ಕೂಡಿಸುತ್ತಿದ್ದೇನೆ, ಈ ಸುಗ್ಗಿಯ ವಸೂಲಿ ಮುಗಿದ ಮೇಲೆ ಹೊಸದು. ಹಳೆಯದನ್ನು ಮಾರುವುದಿಲ್ಲ. ಅದು ಇನ್ನು ಪೂರ್ತಿ ಕಾಕಾನದ್ದು. ಅದರ ಫಾಂಟನ್ನು ಅವರು ಕೊನೆಯ ಹೆಜ್ಜೆಯವರೆಗೆ ಎಳೆದಿಟ್ಟಿದ್ದಾರೆ. ನಿನ್ನೆ ಬೆಳಿಗ್ಗೆ ಪಟ್ಟಿ ಪುಟ ತೆಗೆದು ನೋಡಿದೆ, ಮೂರನೇ ಸಾಲಿನಲ್ಲಿ ಮಲ್ಲಪ್ಪನವರ ಹೆಸರು, ಎರಡೂ ಒತ್ತು ಪೂರ್ತಿ ಇಳಿದಿದ್ದವು.