ಹಳೇ ಡಿಸಿ ಸರ್ವೋಗೆ ಲಿನಕ್ಸ್‌ಸಿಎನ್‌ಸಿ, ಮೆಸಾ ಕಾರ್ಡ್: ಮೂರು ವರ್ಷ ಓಡಿಸಿದ ಮೇಲೆ

ಮೂರು ವರ್ಷದ ಹಿಂದೆ ನಮ್ಮ ಹಳೇ ಮಿಲ್ಲಿಂಗ್ ಮೆಷಿನ್‌ನ ಕಂಟ್ರೋಲರ್ ಕೈಕೊಟ್ಟಿತು. ಒಳಗಿನ ಬ್ಯಾಟರಿ ಸತ್ತು ಪ್ಯಾರಾಮೀಟರ್‌ಗಳೆಲ್ಲ ಅಳಿಸಿಹೋಗಿದ್ದವು, ಬರೆದಿಟ್ಟ ಹಾಳೆ ಯಾರ ಬಳಿಯೂ ಇರಲಿಲ್ಲ. ಆದರೆ ಮೆಷಿನ್‌ನ ಮೈ ಗಟ್ಟಿಯಿತ್ತು, ಬಾಲ್ ಸ್ಕ್ರೂ ಸವೆದಿರಲಿಲ್ಲ, ಬ್ರಷ್ ಇರುವ ಮೂರು ಡಿಸಿ ಸರ್ವೋ ಮೋಟಾರ್‌ಗಳೂ ಚೆನ್ನಾಗಿ ತಿರುಗುತ್ತಿದ್ದವು. ಮೋಟಾರ್, ಅದಕ್ಕೆ ಕರೆಂಟ್ ಕೊಡುವ ಡ್ರೈವ್ ಎರಡನ್ನೂ ಉಳಿಸಿಕೊಂಡು ಮೇಲಿನ ಕಂಟ್ರೋಲ್ ಮಾತ್ರ ಬದಲಿಸಿದೆ. ಪಿಸಿಯಲ್ಲಿ ಮೆಷಿನ್ ನಡೆಸುವ ಸಾಫ್ಟ್‌ವೇರ್ ಲಿನಕ್ಸ್‌ಸಿಎನ್‌ಸಿ, ಈಥರ್ನೆಟ್ ಮೂಲಕ ಮೆಸಾ ಕಂಪನಿಯ 7ಐ92 ಕಾರ್ಡ್, ಅದಕ್ಕೆ ಜೋಡಿಯಾಗಿ 7ಐ77 ಕಾರ್ಡ್.

7ಐ77 ತಗೊಂಡಿದ್ದಕ್ಕೆ ಕಾರಣ ಒಂದೇ. ಎಷ್ಟು ವೇಗ ಬೇಕೆಂದು ಹೇಳಲು ಹಳೇ ಡ್ರೈವ್‌ಗೆ ಬೇಕಿರುವುದು ಪ್ಲಸ್-ಮೈನಸ್ 10 ವೋಲ್ಟ್ ಸಿಗ್ನಲ್. ಈ ಕಾರ್ಡ್ ಆರು ಆಕ್ಸಿಸ್‌ವರೆಗೆ ಅದನ್ನು ಕೊಡುತ್ತದೆ, ಮೋಟಾರ್ ಎಷ್ಟು ತಿರುಗಿತೆಂದು ತಿಳಿಸುವ ಎನ್‌ಕೋಡರ್‌ಗಳನ್ನೂ ಓದುತ್ತದೆ. ವೇಗವನ್ನು ನೋಡಿ ತಿದ್ದುವ ಲೂಪ್ ಮೊದಲಿನಂತೆ ಡ್ರೈವ್ ಮತ್ತು ವೇಗ ಅಳೆಯುವ ಟ್ಯಾಕೋ ನಡುವೆಯೇ ಉಳಿಯಿತು. ಜಾಗ ನೋಡಿ ತಿದ್ದುವ ಪೊಸಿಷನ್ ಲೂಪ್ ಮಾತ್ರ ಪಿಸಿಗೆ ಬಂತು, ಮಿಲಿಸೆಕೆಂಡಿಗೊಮ್ಮೆ ಲೆಕ್ಕ. ಮೋಟಾರ್ ಹಿಂದೆ 2500 ಲೈನ್‌ನ ಎನ್‌ಕೋಡರ್ ಕೂರಿಸಿದೆ, ಲೈನ್‌ಗೆ ನಾಲ್ಕರಂತೆ ಸುತ್ತಿಗೆ 10,000 ಎಣಿಕೆ. ಬೆಲ್ಟ್ 2:1, ಸ್ಕ್ರೂ ಲೀಡ್ (ಸ್ಕ್ರೂ ಒಂದು ಸುತ್ತಿಗೆ ಸರಿಸುವ ದೂರ) 10 ಮಿ.ಮೀ.; ಒಂದು ಎಣಿಕೆಗೆ ಅರ್ಧ ಮೈಕ್ರಾನ್. ಮೆಷಿನ್ ಅಷ್ಟು ನಿಖರವಾಯಿತು ಎಂದುಕೊಳ್ಳಬೇಡಿ, ದಿಕ್ಕು ಬದಲಿಸುವಾಗಿನ ಸಡಿಲ (ಬ್ಯಾಕ್‌ಲ್ಯಾಶ್) ಇದ್ದಷ್ಟೇ ಇದೆ.

ಮೊದಲ ಸಲ ಪವರ್ ಕೊಡುವಾಗ ಬೆಲ್ಟ್ ಬಿಚ್ಚಿಡಿ. ಎಕ್ಸ್ ಆಕ್ಸಿಸ್ ಎನ್‌ಕೋಡರ್‌ನ ಎ, ಬಿ ಸಿಗ್ನಲ್ ತಂತಿಗಳನ್ನು ನಾನು ಅದಲುಬದಲು ಹಾಕಿದ್ದೆ. ಎನೇಬಲ್ ಒತ್ತಿದ್ದೇ ತಡ, ಮೋಟಾರ್ ಹುಚ್ಚುಕುದುರೆಯಂತೆ ಓಡಿತು. ಫಾಲೋಯಿಂಗ್ ಎರರ್ (ಹೇಳಿದ ಜಾಗಕ್ಕೂ ನಿಜವಾಗಿ ಇರುವ ಜಾಗಕ್ಕೂ ವ್ಯತ್ಯಾಸ) ಮಿತಿ ಬಿಗಿಯಾಗಿದ್ದರಿಂದ ಡ್ರೈವ್ ಕಟ್ ಆಯಿತು. ಎಮರ್ಜೆನ್ಸಿ ಸ್ಟಾಪ್ ಅನ್ನು ಸಾಫ್ಟ್‌ವೇರ್‌ಗೆ ಬಿಡದೆ ರಿಲೇ ಮೂಲಕ ಡ್ರೈವ್‌ನ ಪವರ್‌ಗೇ ಕಟ್ಟಿ.

ನನ್ನ ಸಮಯ ತಿಂದದ್ದು ಜೆಡ್ ಆಕ್ಸಿಸ್. ಫೀಡ್ ಕಡಿಮೆ ಮಾಡಿದಾಗಲೆಲ್ಲ ಜಾಬ್ ಮೇಲೆ ಸಣ್ಣ ಅಲೆ. ಎರಡು ವಾರ ಪೊಸಿಷನ್ ಲೂಪ್‌ನ ಪಿಐಡಿ ನಂಬರ್‌ಗಳನ್ನು ತಿರುಗಿಸಿದೆ. ತಪ್ಪನ್ನು ಎಷ್ಟು ಜೋರಾಗಿ ತಿದ್ದಬೇಕೆಂಬ ಪಿ ಏರಿಸಿದರೆ ಮೋಟಾರ್ ಗುಂಯ್ಗುಡುತ್ತದೆ, ಇಳಿಸಿದರೆ ಹಿಂದೆ ಬೀಳುತ್ತದೆ. ಕೊನೆಗೆ ಪಿಸಿಯನ್ನೇ ಪಕ್ಕಕ್ಕಿಟ್ಟು, ಡ್ರೈವ್‌ಗೆ ಒಂದು ಬ್ಯಾಟರಿಯಿಂದ ಸ್ಥಿರ ವೋಲ್ಟೇಜ್ ಕೊಟ್ಟು ನೋಡಿದೆ. ಆಗಲೂ ವೇಗ ಅದುರುತ್ತಿತ್ತು! ಟ್ಯಾಕೋ ಬಿಚ್ಚಿದರೆ ಬ್ರಷ್ ಉಜ್ಜುವ ಕಾಮ್ಯುಟೇಟರ್ ತುಂಬ ಇಂಗಾಲದ ಪುಡಿ, ಒಂದು ಬ್ರಷ್ ಪೂರ್ತಿ ಸವೆದಿತ್ತು. ಒರೆಸಿ, ಬ್ರಷ್ ಹಾಕಿದ ಮೇಲೆ ಅಲೆ ಮಾಯ. ಆಮೇಲೆ ಟ್ಯೂನಿಂಗ್ ಒಂದು ಮಧ್ಯಾಹ್ನದ ಕೆಲಸ: ಬೇಕಾದ ವೇಗವನ್ನು ನೇರವಾಗಿ ಡ್ರೈವ್‌ಗೆ ದಾಟಿಸುವ ಎಫ್‌ಎಫ್1 ಅನ್ನು 1ರ ಹತ್ತಿರ ಇಟ್ಟು, ಪಿ ಮೆಲ್ಲಗೆ ಏರಿಸಿದೆ, ಉಳಿದ ತಪ್ಪನ್ನು ಕೂಡಿಸುತ್ತಾ ತಿದ್ದುವ ಐ ಮುಟ್ಟಲೇ ಇಲ್ಲ. ಹಳೇ ಮೋಟಾರ್ ಅಂತ ಒಳಗೆ ತಿರುಗುವ ಆರ್ಮೇಚರ್ ಹೊರಗೆಳೆದು ಸ್ವಚ್ಛ ಮಾಡಲು ಹೋಗಬೇಡಿ. ಆಲ್ನಿಕೋ ಎಂಬ ಲೋಹದ ಮ್ಯಾಗ್ನೆಟ್ ಇದ್ದರೆ ಅದರ ಬಲವೇ ಕುಂದುತ್ತದೆ.

ಇನ್ನೊಂದು ತಲೆನೋವು ಹೋಮಿಂಗ್, ಅಂದರೆ ಮೆಷಿನ್ ತನ್ನ ಸೊನ್ನೆ ಜಾಗ ಹುಡುಕಿಕೊಳ್ಳುವುದು. ಅಪರೂಪಕ್ಕೊಮ್ಮೆ ವೈ ಸರಿಯಾಗಿ 5 ಮಿ.ಮೀ. ತಪ್ಪುತ್ತಿತ್ತು. ಮೋಟಾರಿನ ಒಂದು ಸುತ್ತಿಗೆ 5 ಮಿ.ಮೀ. ಎಂಬುದು ಹೊಳೆದಾಗಲೇ ಕಾರಣ ಸಿಕ್ಕಿದ್ದು. ಎನ್‌ಕೋಡರ್ ಸುತ್ತಿಗೊಮ್ಮೆ ಕೊಡುವ ಇಂಡೆಕ್ಸ್ ಪಲ್ಸ್ ಸರಿಯಾಗಿ ಹೋಮ್ ಸ್ವಿಚ್‌ನ ಅಂಚಿನಲ್ಲೇ ಬೀಳುತ್ತಿತ್ತು. ಒಮ್ಮೆ ಈ ಸುತ್ತಿನದು, ಒಮ್ಮೆ ಮುಂದಿನದು. ಸ್ವಿಚ್ ಒತ್ತುವ ತುಂಡನ್ನು (ಡಾಗ್) ಎರಡೂವರೆ ಮಿ.ಮೀ. ಸರಿಸಿದೆ, ಮತ್ತೆ ತಪ್ಪಿಲ್ಲ.

ಪಿಸಿ ಬಗ್ಗೆ ಹೆಚ್ಚೇನಿಲ್ಲ. ಬಯೋಸ್‌ನಲ್ಲಿ ವಿದ್ಯುತ್ ಉಳಿತಾಯದ ಆಯ್ಕೆಗಳನ್ನು ಆಫ್ ಮಾಡುವವರೆಗೆ ಆಗಾಗ ಕಾರ್ಡ್ ಜೊತೆ ಸಂಪರ್ಕ ತಪ್ಪುತ್ತಿತ್ತು, ಆಮೇಲೆ ನಿಂತಿತು.

ಸಂರಚನಾ ಫೈಲ್‌ಗಳನ್ನು ಕೈಯಿಂದ ಬರೆಯಲು ಬೇಸರವಿದ್ದರೆ, ನಾಳೆಯೇ ಜಾಬ್ ಕೊಡಬೇಕಿದ್ದರೆ ಈ ದಾರಿ ಬೇಡ. ಪೂರ್ತಿ ಎಸಿ ಸರ್ವೋ ಸೆಟ್ ಹಾಕಿದರೆ ಬ್ರಷ್ ಕಾಟವೇ ಇರುವುದಿಲ್ಲ, ಆದರೆ ಮೌಂಟ್, ಪುಲ್ಲಿ ಎಲ್ಲ ಹೊಸದಾಗಿ ಮಾಡಿಸಬೇಕು. ಈಗ ನನಗಿರುವ ಚಿಂತೆ ಹಳೇ ಡ್ರೈವ್‌ಗಳ ಕೆಪಾಸಿಟರ್‌ಗಳದ್ದು. ಒಂದು ಹೋದರೆ 10 ವೋಲ್ಟ್ ತಗೊಳ್ಳುವ ಹೊಸ ಡಿಸಿ ಡ್ರೈವ್ ಅಲ್ಲಿ ಕೂರಿಸುತ್ತೇನೆ. ಕಾರ್ಡ್‌ಗೆ ಬದಲಾದದ್ದು ಗೊತ್ತೂ ಆಗುವುದಿಲ್ಲ.